ಖಂಡಪ್ಪನ ಮೂರು ಆನೆಗಳು

ಖಂಡಪ್ಪನ ಮಾತನ್ನು ಪೂರ್ತಿ ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಸಣ್ಣವನಿದ್ದಾಗಿನಿಂದ ಅವನಿಗೆ ತೊದಲು. ‘ನೀ-ನೀ’ ಅನ್ನುವಷ್ಟರಲ್ಲಿ ಯಾರಾದರೂ ನೀರಿನ ತಂಬಿಗೆ ತಂದು ಮುಂದಿಡುತ್ತಿದ್ದರು. ಮೊದಲು ತಾಯಿ ಹಾಗೆ ಮಾಡಿದಳು, ಆಮೇಲೆ ಹೆಂಡತಿ ಸೋಮವ್ವ ಮಾಡಿದಳು. ಸೊಲ್ಲಾಪುರದ ಉಣ್ಣೆ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿ ಕೂಲಿಗಳ ಮೇಲಿದ್ದ ಮುಕಾದಮನೂ ಅದನ್ನೇ ಮಾಡಿದ. ಎಲ್ಲರೂ ಒಳ್ಳೆಯವರೇ. ಆ ಒಳ್ಳೆಯವರ ಕೈಗೆ ಸಿಕ್ಕು ಮನುಷ್ಯ ನಲವತ್ತು ವರ್ಷ ಒಂದು ಮಾತನ್ನೂ ತಾನೇ ಮುಗಿಸದೆ ಬದುಕಿದ್ದ. ಅವನು ಕೇಳಲು ಹೊರಟದ್ದು ನೀಲಿ ಕಂಬಳಿಯಾಗಿದ್ದರೂ ಕೊಟ್ಟ ನೀರು ಕುಡಿದು ಸುಮ್ಮನಾಗುತ್ತಿದ್ದ.

ಅಕ್ಕಲಕೋಟ ರೋಡ್ ಸ್ಟೇಷನ್ನಿನ ಹತ್ತಿರದ ಹಳ್ಳಿ ಅವನದು. ಮನೆಯ ಕುರಿಗಳನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಖಂಡಪ್ಪ ಪಾಸು ತೆಗೆಸಿ ದಿನಾ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದ. ಇದು ಎಪ್ಪತ್ತೆಂಟರ ಸುಮಾರಿನ ಮಾತು.

ಆ ಗಾಡಿಯ ಹಿಂದಿನಿಂದ ಮೂರನೆಯ ಡಬ್ಬಿಯಲ್ಲಿ ಒಂದು ಆಟ ನಡೆಯುತ್ತಿತ್ತು. ಯಾರು ಹೂಡಿದರೋ ಯಾರಿಗೂ ನೆನಪಿಲ್ಲ, ಹತ್ತಿದವರೆಲ್ಲ ಅದಕ್ಕೆ ಒಂದೊಂದು ಸೇರಿಸುತ್ತ ಬಂದಿದ್ದರು. ಕಿಟಕಿಯ ಕಡೆ ಕೂತವರದು ಒಂದು ಸಂಸ್ಥಾನ, ಬಾಗಿಲ ಕಡೆಯವರದು ಇನ್ನೊಂದು. ಕಿಟಕಿ ಸಂಸ್ಥಾನಕ್ಕೆ ಟಾವೆಲು ವ್ಯಾಪಾರಿ ನಾಗಣ್ಣ ಮಹಾರಾಜ. ಬಾಗಿಲು ಸಂಸ್ಥಾನಕ್ಕೆ ಸಾಲಿ ಮಾಸ್ತರ ಕಲ್ಲಣ್ಣ ಮಹಾರಾಜ. ಅವನಿಗೆ ದಿವಾನರು ದವಾಖಾನೆಯ ನರ್ಸ್ ಸುಮಿತ್ರಾಬಾಯಿ. ಗಾಡಿ ಬಿಟ್ಟ ಕ್ಷಣದಿಂದ ಹೋಟಗಿ ಬರುವತನಕ ಯಾರೂ ತಮ್ಮ ಪಾತ್ರ ಬಿಟ್ಟು ಮಾತಾಡುವಂತಿಲ್ಲ. ಹೋಟಗಿಯಲ್ಲಿ ಗಾಡಿ ನಿಂತಿತೆಂದರೆ ರಾಜ್ಯಗಳು ಮುಗಿದವು, ಮತ್ತೆ ಎಲ್ಲರೂ ಚಾದರದ ಧಾರಣೆ, ಮಕ್ಕಳ ಪರೀಕ್ಷೆ ಮಾತಾಡಬಹುದು.

ಖಂಡಪ್ಪ ಎಂಟು ತಿಂಗಳು ಬಾಗಿಲಿಗೆ ಒರಗಿ ನಿಂತು ಇದನ್ನು ನೋಡಿದ. ನಗು ಬಂದರೆ ಟಾವೆಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದ. ಅವನಿಗೆ ಆ ಆಟದಲ್ಲಿ ಸೇರುವ ಆಸೆ ಎಷ್ಟಿತ್ತೆಂದರೆ, ಗೋದಾಮಿನಲ್ಲಿ ಉಣ್ಣೆ ಆರಿಸುತ್ತ ಮನಸ್ಸಿನಲ್ಲೇ ದರಬಾರು ನಡೆಸಿ, ಒಂದು ತೊದಲಿಲ್ಲದೆ ಹುಕುಂ ಹೊರಡಿಸುತ್ತಿದ್ದ. ಆದರೆ ಅದು ಬಾಯಿಯ ಆಟ. ಬಾಯಿ ಇಲ್ಲದವನು ಏನು ಹೇಳಿ ಸೇರಬೇಕು?

ಆ ವರ್ಷ ಎರಡೂ ಸಂಸ್ಥಾನಗಳಿಗೆ ಯುದ್ಧ ಬಿತ್ತು. ಲಗ್ನದ ದಿಬ್ಬಣವೊಂದು ಡಬ್ಬಿಗೆ ನುಗ್ಗಿದ ದಿನ ಬಾಗಿಲು ಸಂಸ್ಥಾನದ ಅರ್ಧ ಸೈನ್ಯ ಬೇರೆ ಡಬ್ಬಿ ಹತ್ತಿಬಿಟ್ಟು, ಕಲ್ಲಣ್ಣ ಮಹಾರಾಜರು ಸೋತರು. ಸೋತವರು ಕಪ್ಪ ಕೊಡಬೇಕು. ಎಷ್ಟು ಆನೆ ಅನ್ನುವುದಕ್ಕೆ ಮೂರು ವಾರ ಕೂಗಾಟ. ಇಬ್ಬರೂ ಮಾತಿನ ಮಲ್ಲರು, ಒಬ್ಬರದು ಒಬ್ಬರು ಕೇಳುವವರಲ್ಲ.

ಕಡೆಗೆ ಸುಮಿತ್ರಾಬಾಯಿಗೆ ತಲೆ ಚಿಟ್ಟು ಹಿಡಿಯಿತು. “ಮಹಾರಾಜ್ರ, ಮಾತಾಡವ್ರನ್ನ ಕಳಿಸಿದ್ದು ಸಾಕ್ರಿ. ಮಾತಾಡದವನ್ನ ಕಳಿಸೂಣು,” ಅಂದವಳೇ ಬಾಗಿಲ ಕಡೆ ತಿರುಗಿ, “ಖಂಡಪ್ಪ, ನೀನ ನಮ್ಮ ವಕೀಲ. ಹೋಗು, ರಾಜಿ ಮಾಡಿ ಬಾ,” ಅಂದಳು.

ರಾಜಿಗೂ ಬಾಯಿ ಬೇಕಲ್ಲ ಎಂದುಕೊಂಡ ಖಂಡಪ್ಪ. ಆದರೆ ಅವನು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವನು. ಕುರಿಸಂತೆಯಲ್ಲಿ ಬಾಯಿಂದ ಬೆಲೆ ಹೇಳುವುದಿಲ್ಲ. ಕೈಮೇಲೆ ಟಾವೆಲು ಹಾಕಿ ಅದರ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಒಪ್ಪುತ್ತಾರೆ. ಅವನ ಬೆರಳುಗಳಿಗೆ ತೊದಲಿರಲಿಲ್ಲ. ಹೋಗಿ ನಾಗಣ್ಣನ ಎದುರು ಕೂತ, ಹೆಗಲ ಮೇಲಿನ ಟಾವೆಲನ್ನು ಕೈಮೇಲೆ ಹರವಿ ಚಾಚಿದ. ನಾಗಣ್ಣನಿಗೆ ಅರ್ಥವಾಯಿತು. ಐದೂ ಬೆರಳು ಎರಡು ಸಲ ಹಿಡಿದು ಹತ್ತು ಕೇಳಿದ. ಖಂಡಪ್ಪ ತಲೆಯಲ್ಲಾಡಿಸಿ ಒಂದು ಹಿಡಿದ. ಮೂರು ವಾರದ ಜಗಳ ತಿಲಾಟಿ ಸ್ಟೇಷನ್ ಬರುವುದರೊಳಗೆ ಮೂರು ಆನೆಗೆ ಮುಗಿಯಿತು. ಡಬ್ಬಿಗೆ ಡಬ್ಬಿಯೇ ಚಪ್ಪಾಳೆ ತಟ್ಟಿತು. ಅವತ್ತು ಗೋದಾಮಿನಲ್ಲಿ ಅವನು ಉಣ್ಣೆ ಆರಿಸಿದ್ದು ಹೇಗೆಂದು ಅವನಿಗೇ ಗೊತ್ತಿಲ್ಲ, ಅಷ್ಟು ಸಂತೋಷವಾಗಿತ್ತು.

ಮರುದಿನ ಮುಂಜಾನೆ ಸೋಮವ್ವ ನೋಡುತ್ತಾಳೆ, ಗಂಡ ಮೂರು ಕುರಿಮರಿಗಳಿಗೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚುತ್ತಿದ್ದಾನೆ. ಆನೆ ಕಪ್ಪದ ಸುದ್ದಿ ಹಿಂದಿನ ಸಂಜೆಯೇ ಊರಿಗೆ ಮುಟ್ಟಿತ್ತು.

“ಆಟ ಅಂದ್ರ ಆಟ ಅದ. ಖರೇ ಮರಿ ಯಾಕ ಒಯ್ಯಾಕತ್ತೀರಿ?”

“ಬೆ-ಬೆ-”

“ಬೆರಳು ಹಿಡದೀನಿ ಅಂತೀರೇನು?” ಎಂದು ಸೋಮವ್ವನೇ ಮುಗಿಸಿದಳು. ಮುಗಿಸಿ, ಮರಿ ಸುತ್ತಲು ತಾನೇ ಕಂಬಳಿ ತಂದುಕೊಟ್ಟಳು. ಟಾವೆಲಿನ ಕೆಳಗೆ ಹಿಡಿದ ಬೆರಳಿಗೆ ತಪ್ಪಿದವರು ಅವರ ವಂಶದಲ್ಲಿ ಇರಲಿಲ್ಲ. ಆನೆಗಳು ಇಲ್ಲವೆಂಬುದು ಖಂಡಪ್ಪನಿಗೂ ಗೊತ್ತಿತ್ತು. ಬೆರಳು ಮಾತ್ರ ಖರೇ ಇದ್ದವಲ್ಲ!

ಎರಡು ಮರಿ ಕಂಕುಳಲ್ಲಿ, ಒಂದು ಕಂಬಳಿಯಲ್ಲಿ ಇಟ್ಟುಕೊಂಡು ಅವನು ಡಬ್ಬಿ ಹತ್ತಿದ. ಗಾಡಿ ಬಿಟ್ಟೊಡನೆ ಮೂರನ್ನೂ ನಾಗಣ್ಣನ ಕಾಲ ಬಳಿ ಇಳಿಸಿ, ಎದ್ದು ನಿಂತು ಮೂರು ಬೆರಳು ತೋರಿಸಿದ.

ನಗು ಅಂದರೆ ಎಂಥ ನಗು! ಕಲ್ಲಣ್ಣ ಮಾಸ್ತರ ಕೂತ ಬಾಕಿನ ಮೇಲೆಯೇ ಉರುಳಾಡಿದ. ನಾಗಣ್ಣನೂ ನಕ್ಕ. ನಗುತ್ತಲೇ ಖಂಡಪ್ಪನ ಮುಖ ನೋಡಿದ. ಅವನ ಕಿವಿ ಕೆಂಪಾಗಿದ್ದವು, ಮೂರು ಬೆರಳು ಮಾತ್ರ ಹಾಗೆಯೇ ನಿಂತಿದ್ದವು. ನಾಗಣ್ಣ ಗಪ್ಪನೆ ಬಾಯಿ ಮುಚ್ಚಿದ. ಅವನೂ ವ್ಯಾಪಾರಿಯೇ. ಮರಿಗಳನ್ನು ಇಟ್ಟುಕೊಂಡರೆ ಬಡವನ ಬದುಕಿಗೆ ಕೈ ಹಾಕಿದಂತೆ. ‘ಆಟಕ್ಕ ಅಂದಿದ್ದೆ’ ಎಂದು ಮರಳಿಸಿದರೆ ಆ ಬೆರಳುಗಳಿಗೆ ಬೆಲೆಯೇ ಇಲ್ಲದಂತೆ, ಖಂಡಪ್ಪ ಮತ್ತೆ ಈ ಡಬ್ಬಿ ಹತ್ತುವುದಿಲ್ಲ. ನಾಗಣ್ಣ ಟೋಪಿ ಸರಿಮಾಡಿಕೊಂಡು ಎದ್ದು ನಿಂತ.

“ನಗಬ್ಯಾಡ್ರಿ. ನಮ್ಮ ಸಂಸ್ಥಾನಕ್ಕ ಮೂರು ಆನಿ ಮುಟ್ಟ್ಯಾವ. ಕಪ್ಪ ಸಂದಾಯ ಆತು,” ಅಂದ. ಯಾರೂ ನಗಲಿಲ್ಲ. “ಆದ್ರ ಆನಿ ಕಾಯೂ ಮಂದಿ ನಮ್ಮ ರಾಜ್ಯದಾಗ ಇಲ್ಲ. ಖಂಡಪ್ಪ, ಇವತ್ತಿಂದ ನೀನ ನಮ್ಮ ಮಾವುತ. ಆನಿ ನಿನ್ನ ಕಡೇನ ಇರ್ಲಿ, ಅವುಗಳ ಸುದ್ದಿ ದಿನಾ ದರಬಾರಕ್ಕ ತಿಳಸಬೇಕು. ಒಪ್ಪಿಗಿ ಏನು? ಒಪ್ಪಿಗಿ ಬಾಯಿಲೇ ಹೇಳಬೇಕು, ಅದು ದರಬಾರದ ರೂಢಿ.”

ಹೀಗೊಂದು ರೂಢಿ ಆವರೆಗೆ ಇರಲಿಲ್ಲ. ನಾಗಣ್ಣ ಆಗಲೇ ಹುಟ್ಟಿಸಿದ್ದು.

“ಮ-ಮ-ಮ,” ಅಂದ ಖಂಡಪ್ಪ. ಕಲ್ಲಣ್ಣ ಮಾಸ್ತರನಿಗೆ ಹುಡುಗರ ಮಾತು ಮುಗಿಸಿಕೊಡುವ ಚಟ. ಅವನು ಬಾಯಿ ತೆರೆದ. ಸುಮಿತ್ರಾಬಾಯಿ ಅವನ ತೋಳು ಚಿವುಟಿದಳು. “ಮ-ಮಹಾ-” ಹಣೆಯ ಮೇಲೆ ಬೆವರು ಬಂತು. ಮರಿಯೊಂದು ಅರಚಿತು. ಗಾಡಿ ನಿಧಾನವಾಗಿ ಹೋಟಗಿಯಲ್ಲಿ ನಿಂತಿತು. ಆಟದ ಗಡಿ ಅದು. ಯಾರೂ ಬೀಡಿ ಹಚ್ಚಲಿಲ್ಲ, ಯಾರೂ ಚಹಾಕ್ಕೆ ಇಳಿಯಲಿಲ್ಲ. ದಿನಾ ಬಾಯಿಗೆ ಬೀಗವಿಲ್ಲದ ಅಷ್ಟೂ ಜನ ಅವನ ಬಾಯನ್ನೇ ನೋಡುತ್ತ ಕೂತರು.

“ಮಹಾರಾಜ್ರ, ಮೂ-ಮೂರೂ ಆನಿ... ನಾ... ಕಾ-ಕಾಯ್ತೀನ್ರಿ.”

ಗಾಡಿ ಹೊರಟಿತು. ಚಪ್ಪಾಳೆಗೆಂದು ಎಲ್ಲರೂ ಕೈ ಎತ್ತಿದರು. ಖಂಡಪ್ಪ ಬೇಡವೆಂದು ಅಂಗೈ ಅಡ್ಡ ಹಿಡಿದ.

“ಇ-ಇ-ಇನ್ನೂ ಐತ್ರಿ,” ಅಂದ.

ಸುಮಿತ್ರಾಬಾಯಿ ಸರಿದು ಬಾಕಿನ ಮೇಲೆ ಜಾಗ ಮಾಡಿದಳು. ನಾಗಣ್ಣ ಒಂದು ಮರಿಯನ್ನೆತ್ತಿ ತೊಡೆಯ ಮೇಲೆ ಕೂರಿಸಿಕೊಂಡ.

“ಹೇಳು ಮಾವುತ,” ಅಂದ. “ಸೊಲ್ಲಾಪುರ ಇನ್ನೂ ದೂರ ಐತಿ.”