ದರ್ಜಿ ಅಕ್ಕನ ಓರೆ ಗುಂಡಿ

ನಮ್ಮ ಬೀದಿಯ ದರ್ಜಿ ಅಕ್ಕನಿಗೆ ಜಗಳವಾಡಲು ಗಿರಾಕಿಗಳೇ ಬೇಕೆಂದಿಲ್ಲ, ಫೋನಿದ್ದರೂ ಸಾಕು. ಮರೆವಿನ ಕಾಯಿಲೆಯ ಮಾವನನ್ನು ನೋಡಿಕೊಳ್ಳುವವಳಿಗೆ ಆಸರೆಯಾಗಲೆಂದು ನಾದಿನಿ ಅದರಲ್ಲೊಂದು ಎಐ ಚಾಟ್‌ಬಾಟ್ ಹಾಕಿಕೊಟ್ಟಿದ್ದಾಳೆ. ಅಕ್ಕ ಅದಕ್ಕೆ ಪಂಡಿತ ಅಂತ ಹೆಸರಿಟ್ಟು, ಫೋನನ್ನು ಹೊಲಿಗೆ ಮೆಷಿನ್ನಿಗೆ ಒರಗಿಸಿ ದಿನವಿಡೀ ಬಯ್ಯುತ್ತಾಳೆ. 'ಸ್ವಲ್ಪ ವಿಶ್ರಾಂತಿ ಪಡೆಯಿರಿ' ಎಂದು ಪಂಡಿತ ಅಂದರೆ, 'ಆಯ್ತಪ್ಪ, ಬಾ, ನೀನೇ ಗುಂಡಿಗೆ ಕಾಜಾ ಮಾಡು' ಅನ್ನುತ್ತಾಳೆ. ಊಟ ಮಾಡಿ ಎದ್ದ ಮಾವ 'ನನಗಿನ್ನೂ ಊಟ ಇಲ್ವಾ?' ಎಂದು ಹತ್ತನೇ ಸಲ ಕೇಳಿದಾಗ ಮಾತ್ರ, ಏನು ಹೇಳಲಿ ಎಂದು ಅದೇ ಪಂಡಿತನನ್ನು ಕೇಳುತ್ತಾಳೆ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಹೇಳಿ, ಮಾವನಿಗೆ ಸಮಾಧಾನವಾದ ಮೇಲೆ 'ಇದೇನು ಮಹಾ' ಎಂದು ಮೂಗು ಮುರಿಯುತ್ತಾಳೆ. ಆದರೆ, 'ಕೈಗೊಂದು ಕೆಲಸವಿರಲಿ, ಮಾವನಿಗೆ ಹೊಲಿಯಲು ಹಳೇ ಚಿಂದಿ ಕೊಟ್ಟು ಕೂರಿಸಿ' ಎಂದು ಪಂಡಿತ ಅಂದ ದಿನ ಕೆಂಡವಾದಳು: 'ನನಗೆ ಕತ್ತರಿ ಹಿಡಿಯೋದು ಕಲಿಸಿದ ಕೈಗೆ ಚಿಂದಿ ಕೊಡ್ಲಾ?' ಅಂದಿನಿಂದ ಅಂಗಡಿಯ ಪ್ರತಿ ಕೋಟಿನ ಕೊನೆಯ ಗುಂಡಿ ಹೊಲಿಯುವುದು ಮಾವನೇ. ಅದು ಓರೆಯಾಗಿಯೇ ಕೂರುತ್ತದೆ. ಅವರಿಗೆ ಗೊತ್ತಾಗದಂತೆ ಬಿಚ್ಚಿ ಸರಿಮಾಡಿ ಎಂದು ಪಂಡಿತ ಉಪಾಯ ಹೇಳಿದ, ಅಕ್ಕ ಬಿಚ್ಚಲಿಲ್ಲ. ಮೊನ್ನೆ ನಾನೂ ನನ್ನ ಕೋಟು ಹಿಡಿದು ತಕರಾರಿಗೆ ಹೋದೆ. ಅಕ್ಕ ತಲೆ ಎತ್ತದೆ ಹೇಳಿದಳು: 'ನಾನು ಕಲಿಯೋವಾಗ ಹೊಲಿದ ಗುಂಡಿಗಳೆಲ್ಲ ಓರೆ. ಆಗ ಇವರು ಗಿರಾಕಿಗಳಿಗೆ “ನನ್ನ ಸೊಸೆ ಹೊಲಿದದ್ದು, ಹಾಗೇ ಹಾಕ್ಕೊಳ್ಳಿ” ಅಂತ ಹೇಳಿ ಕಳಿಸ್ತಿದ್ರು. ಈಗ ನಾನು ಹೇಳ್ತೀನಿ. ನನ್ನ ಮಾವ ಹೊಲಿದದ್ದು, ಹಾಗೇ ಹಾಕ್ಕೊಳ್ಳಿ.'