ಚೆಂಡು ಏಳದ ಜಾಗ

ಆ ಮಧ್ಯಾಹ್ನ ಮಧುಗಿರಿಯ ಒಳಾಂಗಣ ಕ್ರೀಡಾಂಗಣದಲ್ಲಿ ಇದ್ದವರು ನಾವು ನಾಲ್ವರೇ: ನೆಲದ ಹಲಗೆ ಬದಲಾಯಿಸಲು ಬಂದಿದ್ದ ಎಂಜಿನಿಯರು, ಅವರ ಜೊತೆಗಿದ್ದ ಮೇಸ್ತ್ರಿ ನರಸಿಂಹಣ್ಣ, ಕಟ್ಟಡ ಎದ್ದ ದಿನದಿಂದ ಅಲ್ಲಿ ಕಸ ಗುಡಿಸುತ್ತಿರುವ ಭೀಮಕ್ಕ, ಮತ್ತು ಸ್ಮರಣ ಸಂಚಿಕೆಗೆ ಆ ಕಟ್ಟಡದ ಇತಿಹಾಸ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಪೇಚಿಗೆ ಸಿಕ್ಕಿದ್ದ ನಾನು. ಸಾವಿರಾರು ಜನ ಕೂರುವ ಕಡೆ ನಾಲ್ವರು ನಿಂತರೆ ನಮ್ಮ ಕೆಮ್ಮೇ ನಮಗೆ ಪರಕೀಯವಾಗಿ ಕೇಳಿಸುತ್ತದೆ. ಎಂಜಿನಿಯರು ಬ್ಯಾಸ್ಕೆಟ್‌ಬಾಲ್ ಒಂದನ್ನು ಎತ್ತಿ ಅಂಕಣದ ನಟ್ಟನಡುವೆ ಬಿಟ್ಟರು. ಬಿದ್ದದ್ದು ಏಳಬೇಕು, ಅದು ಚೆಂಡಿನ ಧರ್ಮ. ಇದು ಏಳಲಿಲ್ಲ. ಊಟವಾದ ಮೇಲೆ ಜಗಲಿಗೆ ಒರಗಿದ ನನ್ನ ಹಾಗೆ, ಇದ್ದಲ್ಲೇ ಸ್ವಸ್ಥವಾಗಿ ಕೂತುಬಿಟ್ಟಿತು.

ಈ ಜಾಗದ ಖ್ಯಾತಿ ಹೊಸದಲ್ಲ. ಪಾವಗಡದ ವಾಲಿಬಾಲ್ ತಂಡದವರು ಒಮ್ಮೆ ಇಲ್ಲಿ ಸತ್ತುಬಿದ್ದ ಚೆಂಡನ್ನು ಸುತ್ತುವರಿದು, "ಏಮ್ರಾ, ಬಾಲು ಚಚ್ಚಿಪೋಯಿಂದಾ?" ಎಂದು ತಮ್ಮ ತೆಲುಗಿನಲ್ಲಿ ಶೋಕಾಚರಣೆ ಮಾಡಿದ್ದರು. ಸಂಗೀತ ಕಚೇರಿಯ ದಿನ ಸಿರಾದ ತಬಲಾ ಸಾಹೇಬರು ಇದೇ ಜಾಗದಲ್ಲಿ ಕೂತು ಎರಡು ಪೆಟ್ಟು ಹಾಕಿ ನೋಡಿ, "ಅರೇ, ಈ ನೆಲ ಕಿವಿ ಮುಚ್ಕೊಂಡು ಕೂತೈತೆ ಸಾಬ್, ನಂಗೆ ಬೇರೆ ಜಗಾ ಕೊಡಿ" ಎಂದು ಗಂಟುಮೂಟೆ ಎತ್ತಿ ಪಕ್ಕಕ್ಕೆ ಸರಿದಿದ್ದರು. ಇದಲ್ಲದೆ ಇನ್ನೊಂದು ಸಂಗತಿಯಿತ್ತು. ಯಾರೂ ಇಲ್ಲದ ನಡುಹಗಲಿನಲ್ಲಿ ಒಳಗಿನಿಂದ 'ಠಪ್' ಎಂಬ ಸದ್ದು ಬರುತ್ತಿತ್ತು, ಕುಸ್ತಿಗೆ ಇಳಿಯುವವನು ತೊಡೆ ತಟ್ಟಿದ ಹಾಗೆ. ಚಾವಣಿಯ ತಗಡು ಬಿಸಿಲಿಗೆ ಹಿಗ್ಗುವ ಸದ್ದು ಅದು ಎಂದು ಎಂಜಿನಿಯರು ನನಗೆ ವಿವರಿಸಿದ್ದರು. ವಿಜ್ಞಾನದಲ್ಲಿ ನನಗೆ ಅಪಾರ ವಿಶ್ವಾಸವುಂಟು, ಪಕ್ಕದಲ್ಲಿ ಇನ್ನೊಬ್ಬರು ಇರುವವರೆಗೆ.

ಓದುಗ ಮಿತ್ರರೇ, ನನ್ನ ಕಟ್ಟುಹಲ್ಲಿಗಿಂತ ತುಸುವೇ ಹಳೆಯದಾದ ಕಟ್ಟಡಕ್ಕೆ ಎಂಥ ಇತಿಹಾಸ ಎಂದು ನೀವು ನಗಬಹುದು. ಕಟ್ಟಡಕ್ಕಿಲ್ಲದಿದ್ದರೂ ನೆಲಕ್ಕಿತ್ತು. ಮೊದಲು ಅಲ್ಲಿದ್ದದ್ದು ಒಂದು ಗರಡಿಮನೆ, ಅದರ ಉಸ್ತಾದರು ಭೀಮಕ್ಕನ ತಂದೆ. ಹೆಣ್ಣುಮಕ್ಕಳು ಗರಡಿಯ ಮಣ್ಣು ಮೆಟ್ಟಬಾರದೆಂಬುದು ಆ ಕಾಲದ ಕಟ್ಟಳೆ. ಹುಡುಗಿ ಭೀಮಕ್ಕ ದಿನವೂ ಹಾಲಿನ ಲೋಟ ತಂದು ಹೊಸ್ತಿಲಾಚೆ ಇಟ್ಟು ಹೋಗಬೇಕಿತ್ತು. "ನಮ್ಮಪ್ಪನ ಕುಸ್ತಿ ಊರೆಲ್ಲ ನೋಡೈತೆ ಮೇಷ್ಟ್ರೇ. ನಾನು ಮಾತ್ರ ಕೇಳಿದ್ದೇ ಕೇಳಿದ್ದು. ತೊಡೆ ತಟ್ಟಿದ ಸದ್ದು ಬಂದ್ರೆ ಅಪ್ಪ ಅವ್ನೆ ಅಂತ ಲೆಕ್ಕ" ಎಂದು ಅವಳೇ ಒಮ್ಮೆ ಹೇಳಿದ್ದಳು. ಅಂಕಣದ ನಡುವೆ ಸದಾ ಒಂದು ಚೌಕದಷ್ಟು ಧೂಳು ಹಾಗೇ ಉಳಿದಿರುವುದನ್ನು ಕಂಡು ನಾನು, 'ಸ್ವಚ್ಛತೆಯ ವಿಷಯದಲ್ಲಿ ಕೊಂಚ ಔದಾಸೀನ್ಯ' ಎಂದು ಘನಗಂಭೀರವಾಗಿ ಟಿಪ್ಪಣಿ ಬರೆದುಕೊಂಡಿದ್ದೆ.

ಆ ಮಧ್ಯಾಹ್ನ ನರಸಿಂಹಣ್ಣ ಹಲಗೆ ಎಬ್ಬಿಸಿದಾಗ ನನ್ನ ಟಿಪ್ಪಣಿ ಸುಳ್ಳಾಯಿತು. ಸುತ್ತಲೂ ಗಟ್ಟಿ ಕಾಂಕ್ರೀಟು. ನಡುವೆ ಮಾತ್ರ, ಸರಿಯಾಗಿ ಆ ಧೂಳಿನ ಚೌಕದ ಕೆಳಗೆ, ಮಂಚದಗಲದ ಕೆಂಪು ಮಣ್ಣು. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಗರಡಿಯ ಮಟ್ಟಿ. ಇಷ್ಟು ವರ್ಷ ಬಿಸಿಲು ಗಾಳಿ ಕಾಣದ್ದು ಇನ್ನೂ ಹಸಿಯಾಗಿತ್ತು, ಇನ್ನೂ ಘಮಗುಟ್ಟುತ್ತಿತ್ತು. ಅದರ ಮೇಲೆ ಎರಡು ಹಿಮ್ಮಡಿಯ ಗುರುತು, ಯಾರೋ ಕಾಲೂರಿ ನಿಂತಂತೆ ಆಳವಾಗಿ.

ಎಂಜಿನಿಯರು ಮೇಸ್ತ್ರಿಯ ಮುಖ ನೋಡಿದರು. ಅವನು ತಲೆ ಕೆರೆದುಕೊಂಡ. "ಅವಾಗ ನೆಲ ಹಾಕ್ದೋನು ನಾನೇ ಸಾರ್. ಗರಡಿ ಮಟ್ಟಿ ಮ್ಯಾಲೆ ಸಿಮೆಂಟು ಸುರಿಯಾಕೆ ಹೆಂಗೆ ಕೈ ಬತ್ತದೆ? ತೆಗ್ದು ಎಸೆಯಾಕೂ ಧೈರ್ಯ ಬರ್ಲಿಲ್ಲ. ಸುತ್ತ ಸುರ್ದು, ಮ್ಯಾಲೆ ಹಲಗೆ ಮುಚ್ಚಿ, ಕೈ ಮುಗ್ದು ಬಂದ್ಬುಟ್ಟೆ."

"ಈಗ ಕೈ ಮುಗಿದ್ರೆ ಆಗಲ್ಲ," ಎಂದರು ಎಂಜಿನಿಯರು. "ನಾಳೆ ಬೆಳಿಗ್ಗೆ ಕಾಂಕ್ರೀಟ್ ಲಾರಿ ಬರುತ್ತೆ. ಬೇಕಾದವರು ತಗೊಳ್ಳಿ, ಇಲ್ಲದಿದ್ರೆ ಮಣ್ಣಿನ ಸಮೇತ ಮುಚ್ಚಿಸ್ತೀನಿ."

ಭೀಮಕ್ಕ ಪೊರಕೆ ಕೆಳಗಿಟ್ಟಳು. "ಲೇ ನರಸಿಂಹ, ತೆಗ್ದುಕೊಡ್ಲಾ. ನಮ್ಮಪ್ಪನ ಮಟ್ಟಿ ಕಣ್ಲಾ. ನಾನು ಕಾಲಿಡಂಗಿಲ್ಲ."

"ಅವತ್ತೇ ಮುಟ್ದೋನಲ್ಲ, ಇವತ್ತು ಮುಟ್ತೀನಾ? ಬುಡಕ್ಕ," ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವಳು ನನ್ನತ್ತ ತಿರುಗಿದಳು. ಇತಿಹಾಸಕಾರರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ: ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದೆ.

ಆಗ 'ಠಪ್' ಎಂದಿತು.

ಅಂದು ಬೆಳಗಿನಿಂದ ಮೋಡ ಮುಸುಕಿತ್ತು. ತಗಡು ಹಿಗ್ಗುವಷ್ಟು ಬಿಸಿಲೇ ಇರಲಿಲ್ಲ. ಎಂಜಿನಿಯರು ಒಮ್ಮೆ ಮೇಲೆ ನೋಡಿದರು, ಒಮ್ಮೆ ಮಣ್ಣನ್ನು ನೋಡಿದರು, ತಮ್ಮ ಬೂಟು ಬಿಚ್ಚಿ ಪಕ್ಕಕ್ಕಿಟ್ಟರು.

"ಕರೀತಾವ್ನೆ," ಎಂದಳು ಭೀಮಕ್ಕ. ದನಿಯಲ್ಲಿ ಭಯವಿರಲಿಲ್ಲ, ಸಣ್ಣ ಮುನಿಸಿತ್ತು. "ಈಗ ಕರೀತಾವ್ನೆ ನೋಡು ನಮ್ಮಪ್ಪ, ತಲೆ ಬೆಳ್ಳಗಾದ ಮ್ಯಾಲೆ." ಬಾಗಿ ಚಿಟಿಕೆ ಮಣ್ಣು ಹಣೆಗಿಟ್ಟುಕೊಂಡು ಒಳಗೆ ಕಾಲಿಟ್ಟಳು. ಹಿಮ್ಮಡಿಯ ಗುರುತನ್ನು ಕೆಡಿಸದೆ ಸುತ್ತಲಿನದ್ದನ್ನೆಲ್ಲ ಮೊದಲು ತೋಡಿ, ಅದನ್ನು ಕೊನೆಗೆ ಎರಡೂ ಕೈಯಿಂದ ಬಾಚಿದಳು. ಏಳು ಚೀಲವಾಯಿತು. ಚೀಲದ ಬಾಯಿ ಹಿಡಿದವನು ನಾನು. ಆ ಕ್ರೀಡಾಂಗಣದಲ್ಲಿ ನಾನು ತೋರಿದ ಏಕಮಾತ್ರ ಕ್ರೀಡಾಸಾಮರ್ಥ್ಯ ಅದು.

ಸ್ಮರಣ ಸಂಚಿಕೆ ಅಚ್ಚಾಗಿ ಬರುವಷ್ಟರಲ್ಲಿ ಹೊಸ ನೆಲವೂ ಸಿದ್ಧವಾಗಿತ್ತು. ಯಾರೂ ಇಲ್ಲದ ಮಧ್ಯಾಹ್ನ ನೋಡಿ ಅಂಕಣದ ನಡುವೆ ನಾನೇ ಒಂದು ಚೆಂಡು ಬಿಟ್ಟೆ. ಅದು ಇಷ್ಟು ವರ್ಷದ ಬಾಕಿಯನ್ನೆಲ್ಲ ತೀರಿಸುವಂತೆ ಚಿಮ್ಮಿ ನನ್ನ ಕನ್ನಡಕವನ್ನು ಹಾರಿಸಿತು. ತಡಕಾಡಿ ಹುಡುಕಿಕೊಂಡು ಬಹಳ ಹೊತ್ತು ಕಿವಿಗೊಟ್ಟು ನಿಂತೆ. ಬಿಸಿಲು ತಗಡನ್ನು ಸುಡುತ್ತಿತ್ತು. ಯಾವ ಸದ್ದೂ ಬರಲಿಲ್ಲ.

ಅಲ್ಲಿಂದ ಬಡವನಹಳ್ಳಿಯಲ್ಲಿರುವ ಭೀಮಕ್ಕನ ಮನೆಗೆ ಹೋಗಿ ಸಂಚಿಕೆ ಕೊಟ್ಟೆ. ತಾರಸಿಯ ಪುಟ್ಟ ಮನೆ, ತಗಡಿನ ಚೂರೂ ಇಲ್ಲ. ಹಿತ್ತಲಿನಲ್ಲಿ ಏಳು ಚೀಲದ ಮಣ್ಣನ್ನು ಹರಡಿ ಸುತ್ತ ಒಂದು ಸಾಲು ಕಲ್ಲು ಜೋಡಿಸಿದ್ದಳು. ನಾವು ಟೀ ಕುಡಿಯುತ್ತಿದ್ದಾಗ ಹಿಂದುಗಡೆ 'ಠಪ್' ಎಂದಿತು. ಭೀಮಕ್ಕ ಎದ್ದು ಒಂದು ಲೋಟ ಹಾಲು ಬಗ್ಗಿಸಿಕೊಂಡಳು. ಚಪ್ಪಲಿಯನ್ನು ಹಿತ್ತಲ ಬಾಗಿಲಲ್ಲಿ ಬಿಟ್ಟು, ಕಲ್ಲಿನ ಸಾಲು ದಾಟಿ ಒಳಗೆ ಹೋಗಿ ಇಟ್ಟು ಬಂದಳು.