ನಾಲಿಗೆ ಹೇಳಿದ ಸಾಕ್ಷಿ

ಹಸಿರು ಉಗುಳು ಕಂಡರೆ ನಾನು ಈಗಲೂ ಮುಖ ತಿರುಗಿಸಿ ನಡೆಯುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಹೊನ್ನವಳ್ಳಿ ಕಡೆಯ ತೋಟದ ಮನೆಗೆ ನಾನು ಸೊಸೆಯಾಗಿ ಹೋದ ಹೊಸತರಲ್ಲಿ, ಜಗಲಿ ಕಂಬದ ಬುಡ ಸದಾ ಹಸಿರಾಗಿರುತ್ತಿತ್ತು. ಪಾಚಿಯಲ್ಲ, ನಮ್ಮ ಮಾವ ಮಧುನಾಶಿನಿ ಸೊಪ್ಪು ಅಗಿದು ಉಗಿದದ್ದು. ತೊಳೆಯುವವಳು ನಾನು.

ಮಾವನಿಗೆ ಸಕ್ಕರೆ ಕಾಯಿಲೆ ಎಂದು ತಿಪಟೂರಿನ ಡಾಕ್ಟರು ಹೇಳಿದ್ದರು. ಮಾತ್ರೆ ಬರೆದುಕೊಟ್ಟು, ಸಿಹಿ ಬಿಡಿ, ಹೊಟ್ಟೆ ಇಳಿಸಿ ಅಂದಿದ್ದರು. ಮಾತ್ರೆಗಳು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಕೂತವು. ಸುದ್ದಿ ಹರಡಿದ್ದೇ ತಡ, ನೋಡಲು ಬಂದವರೆಲ್ಲ ವೈದ್ಯರಾಗಿಬಿಟ್ಟರು. ಒಬ್ಬರು ಹಾಗಲಕಾಯಿ ರಸ ಅಂದರು, ಇನ್ನೊಬ್ಬರು ನೇರಳೆ ಬೀಜದ ಪುಡಿ. ಅರಳಗುಪ್ಪೆಯಿಂದ ಬಂದ ಅತ್ತೆಯ ಅಣ್ಣ, ಬೇವಿನ ಚಿಗುರನ್ನು ಗಂಜಲದಲ್ಲಿ ಅರೆದು ಕುಡಿಸಿ ಎಂದು ಹೇಳಿ, ತಾವು ಕಾಫಿ ಕುಡಿದು ಹೋದರು. ಅರೆಯುವವಳೂ ನಾನೇ. ಆ ನಾತ ಉಗುರಿನ ಸಂದಿ ಹೊಕ್ಕು ನಾನು ತಿನ್ನುವ ಮುದ್ದೆಯೂ ಕಹಿಯಾಗುತ್ತಿತ್ತು. ಮಾವ ಮೂಗು ಹಿಡಿದು ಒಂದು ಗುಟುಕು ಕುಡಿದು, ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು.

ಮಧುನಾಶಿನಿ ತಂದವನು ಹುಳಿಯಾರು ಕಡೆಯ ಹಟ್ಟಿಯ ಒಬ್ಬ ಮುದುಕ. ವರ್ಷಕ್ಕೊಮ್ಮೆ ನಮ್ಮ ತೋಟದಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದ.

“ಸಿಹಿ ಮುಟ್ಟಂಗಿಲ್ಲ ಸ್ವಾಮಿ. ಪಥ್ಯ ಮಾಡ್ದಿದ್ರೆ ಇದು ಬರೀ ಸೊಪ್ಪು, ನಮ್ ಮೇಕೆನೂ ತಿಂತಾವೆ,” ಅಂದ.

ಆ ಮನೆಯಲ್ಲಿ ಸುಳ್ಳು ಹೇಳದ ವೈದ್ಯ ಅವನೊಬ್ಬನೇ. ಮಾವನಿಗೆ ಕೇಳಿಸಿದರೆ ತಾನೇ? ಸೊಪ್ಪು ಅಗಿದು ಬಾಯಿಗೆ ಹಾಕಿಕೊಂಡ ಸಕ್ಕರೆ ಅವರಿಗೆ ಆಗಲೇ ಮರಳಿನಂತಾಗಿತ್ತು.

“ಸಿಹಿನೇ ಸತ್ತೋಯ್ತು ಕಣಯ್ಯ!” ಎಂದು ಕೂಗಿದರು.

ಆ ಸೊಪ್ಪಿನ ಗುಣವೇ ಅದು, ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯದು. ನಾಲಿಗೆಯ ಮೇಲೆ ಸತ್ತದ್ದು ಮೈಯೊಳಗೆ ಬದುಕುವುದೆಲ್ಲಿಂದ ಎಂಬುದು ಮಾವನ ವಾದ. ಕೊಬ್ಬರಿ ಕೊಳ್ಳಲು ಬಂದವರು, ನೆಂಟರು, ಯಾರೇ ಬರಲಿ, ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಅದೇ ಆಟ. ಸೊಪ್ಪು ಅಗಿದು, ಹಸಿರು ಬಳಿದ ನಾಲಿಗೆಯನ್ನು ಗದ್ದದವರೆಗೆ ಚಾಚಿ, ಮೇಲೆ ಸಕ್ಕರೆ ಉದುರಿಸಿಕೊಂಡು, “ಮಣ್ಣು ಕಣ್ರೀ, ಬರೀ ಮಣ್ಣು!” ಬಂದವರು ತಲೆದೂಗುತ್ತಿದ್ದರು. ಮಾವ ಕಂಬಕ್ಕೆ ಉಗಿದು, ಬಾಯಿ ತೊಳೆದು, ರುಚಿ ಮರಳುವವರೆಗೆ ಕಾದು, ಆಮೇಲೆ ಕಾಯಿ ಹೋಳಿಗೆಗೆ ಕೂರುತ್ತಿದ್ದರು. ಮಣ್ಣು ತಿನ್ನಲು ಅವರೇನು ದಡ್ಡರೇ?

ಬೆಳಿಗ್ಗೆ ಬೇವು ಅರೆದ ಒರಳಲ್ಲೇ ನಾನು ಮಧ್ಯಾಹ್ನ ಹೂರಣ ರುಬ್ಬುತ್ತಿದ್ದೆ. ಬಚ್ಚಲಲ್ಲಿ ಮಾವ ಉಚ್ಚೆಗೆ ಕೂತೆದ್ದ ಜಾಗಕ್ಕೆ ಕೆಂಪಿರುವೆಗಳ ಸಾಲು ಬರುವುದು ಒಂದು ದಿನವೂ ತಪ್ಪಿರಲಿಲ್ಲ. ಅವುಗಳೇನು ಸೊಪ್ಪು ತಿಂದಿರಲಿಲ್ಲವಲ್ಲ.

“ಇರುವೆ ಇನ್ನೂ ಬತ್ತಾವೆ ಅತ್ತೆ,” ಅಂದೆ.

“ಸುಮ್ಕಿರೇ. ಅವ್ರಿಗೆ ಹೇಳ್ಬೇಡ, ಬೇಜಾರ್ ಮಾಡ್ಕೊತಾರೆ.”

ನಾನೂ ಹೇಳಲಿಲ್ಲ. ಆ ಉಗುಳಿಗಿಂತ ಹೆಚ್ಚಿನ ಅಸಹ್ಯ ನನಗೆ ನನ್ನ ಈ ಮೌನದ ಮೇಲಿದೆ.

ಕೊಬ್ಬರಿ ಒಡೆಯುವ ಕಾಲದಲ್ಲಿ ಕರಟದ ಚೂರೊಂದು ಮಾವನ ಕಾಲ್ಬೆರಳ ಸಂದಿಗೆ ಹೊಕ್ಕಿತು. ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ಅತ್ತೆ ಕಿರುಚಿದಾಗಲೇ ಅವರಿಗೆ ಗೊತ್ತಾದದ್ದು. ಗಾಯ ಮಾಯಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. “ಸೊಪ್ಪೈತಲ್ಲ,” ಅಂದರು ಮಾವ. ಬಂದ ವೈದ್ಯರೆಲ್ಲ ಮತ್ತೆ ಬಂದರು, ಈ ಸಲ ಮೇಲೆ ಹಚ್ಚುವುದಕ್ಕೆ. ಕೀವು, ಅರಿಶಿನ, ಅರೆದ ಎಲೆ ಎಲ್ಲ ಕಲೆತು ಆ ಕಾಲಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಹೋಳಿಗೆ ಮಾತ್ರ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಶೆಟ್ಟಿಕೆರೆಯ ನೆಂಟರೊಬ್ಬರಿಗೆ ಕಾಫಿ ಕೊಡಲು ಜಗಲಿಗೆ ಹೋದೆ. ಮಾವ ಅವರೆದುರು ಕಾಲು ಚಾಚಿ, ನಾಲಿಗೆಯನ್ನೂ ಚಾಚಿ ಕೂತಿದ್ದರು. ಕಾಲಿಗೆ ಸುತ್ತಿದ ಬಟ್ಟೆಯೊಳಕ್ಕೆ ಇರುವೆ ಸಾಲು ಹೋಗುತ್ತಿತ್ತು. ಲೋಟ ಕೆಳಗಿಟ್ಟು ಬಟ್ಟೆ ಬಿಚ್ಚಿದೆ. ಗಾಯದ ತುಂಬ ಕೆಂಪಿರುವೆ. ನೆಂಟರು ಅಂಗಳಕ್ಕೆ ಓಡಿಹೋಗಿ ಓಕರಿಸಿದರು. ನಾನು ಬರಿಗೈಯಲ್ಲೇ ಒರೆಸತೊಡಗಿದೆ, ಕೈಯೆಲ್ಲ ಉರಿ ಹತ್ತಿತು.

“ಮಾವ, ಇರುವೆ!” ಅಂದೆ.

ಮಾವ ಬಗ್ಗಿ ನೋಡಿದರು. ಹಸಿರು ತುಟಿಯಲ್ಲಿ ನಕ್ಕರು.

“ಏನೂ ಮಾಡಲ್ಲ ಬುಡಮ್ಮ. ಕಚ್ತಾನೇ ಇಲ್ಲ.”

ನನ್ನ ಬೆರಳುಗಳು ಆಗಲೇ ಊದಿಕೊಂಡಿದ್ದವು. ಅವರ ಎರಡು ಕಾಲ್ಬೆರಳುಗಳನ್ನು ಆ ವಾರವೇ ಕತ್ತರಿಸಿದರು.